ಜಲವರ್ಣ ಚಿತ್ರಕಲೆಯ ಆರಂಭ: ಕಾಗದ, ಬಣ್ಣ, ಕುಂಚಗಳ ಆಯ್ಕೆ

ಪ್ರತಿವರ್ಷ ಬೇಸಿಗೆ ರಜೆ ಸಮೀಪಿಸುತ್ತಿದ್ದಂತೆ ನಮ್ಮ ಸಂಘದ ಕಚೇರಿಗೆ ಒಂದೇ ಬಗೆಯ ವಿಚಾರಣೆಗಳು ಬರತೊಡಗುತ್ತವೆ. ಮಗಳಿಗೆ ಜಲವರ್ಣ ಕಲಿಯುವ ಆಸೆಯಿದೆ, ಯಾವ ಪೆಟ್ಟಿಗೆ ಕೊಳ್ಳಬೇಕು? ನಿವೃತ್ತನಾಗಿದ್ದೇನೆ, ಹೈಸ್ಕೂಲಿನಲ್ಲಿ ಬಿಟ್ಟ ಕುಂಚವನ್ನು ಮತ್ತೆ ಹಿಡಿಯೋಣವೆಂದಿದ್ದೇನೆ, ಎಷ್ಟು ಖರ್ಚಾದೀತು? ಅಂಗಡಿಯವನು ಮೂವತ್ತಾರು ಬಣ್ಣಗಳ ಪೆಟ್ಟಿಗೆ ತೋರಿಸುತ್ತಾನೆ, ಅದು ಬೇಕೇ? ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಒಂದೆಡೆ ವಿವರವಾಗಿ ಬರೆದಿಡುವುದು ಉಚಿತವೆಂದು ನಮಗೆ ತೋರಿತು.

ಬಣ್ಣದ ಪೆಟ್ಟಿಗೆಯ ವಿಚಾರವಾಗಿ ಎಲ್ಲರೂ ಕೇಳುತ್ತಾರೆ. ಕಾಗದದ ವಿಚಾರವಾಗಿ ಕೇಳುವವರು ವಿರಳ. ಅನುಭವ ನಮಗೆ ಕಲಿಸಿದ್ದು ಇದಕ್ಕೆ ವಿರುದ್ಧವಾದ ಪಾಠ. ಆರಂಭಿಕರು ಕೈಯಲ್ಲಿರುವ ಹಣದ ಅರ್ಧದಷ್ಟನ್ನಾದರೂ ಕಾಗದಕ್ಕೆ ತೆಗೆದಿಡಬೇಕು, ಉಳಿದುದರಲ್ಲಿ ಕೆಲವೇ ಬಣ್ಣ ಮತ್ತು ಎರಡು ಮೂರು ಕುಂಚ ಕೊಳ್ಳಬೇಕು.

ಕೆಲವು ವರ್ಷಗಳ ಹಿಂದೆ ಸಂಘದ ಸಭಾಗೃಹದಲ್ಲಿ ಒಂದು ಭಾನುವಾರ ಚಿತ್ರ ಬರೆಯುವ ಆಸಕ್ತರೆಲ್ಲ ಸೇರಿದ್ದೆವು. ಬ್ಯಾಂಕಿನಲ್ಲಿ ಮೂರೂವರೆ ದಶಕ ದುಡಿದು ನಿವೃತ್ತರಾದ ಹಿರಿಯರೊಬ್ಬರು ಮೊಮ್ಮಗನ ಇಪ್ಪತ್ತನಾಲ್ಕು ಬಣ್ಣದ ಪೆಟ್ಟಿಗೆ ಮತ್ತು ಶಾಲೆಯ ಡ್ರಾಯಿಂಗ್ ಪುಸ್ತಕದೊಡನೆ ಬಂದಿದ್ದರು. ಸಮುದ್ರದ ಮೇಲಿನ ಆಕಾಶವನ್ನು ಬರೆಯತೊಡಗಿದರು. ನೀರು ತಾಗಿದೊಡನೆ ಹಾಳೆ ಹಪ್ಪಳದಂತೆ ಉಬ್ಬಿತು, ಬಣ್ಣವೆಲ್ಲ ತಗ್ಗುಗಳಲ್ಲಿ ಹೋಗಿ ನಿಂತಿತು, ಸರಿಪಡಿಸಲು ಇನ್ನೊಮ್ಮೆ ಕುಂಚ ಎಳೆದಾಗ ಕಾಗದದ ಮೇಲ್ಮೈ ಸಣ್ಣಸಣ್ಣ ಉಂಡೆಗಳಾಗಿ ಎದ್ದುಬಂತು. "ಇದು ನಮ್ಮ ಕೈಗೆ ಹತ್ತುವ ವಿದ್ಯೆಯಲ್ಲ ಮಾರಾಯ್ರೆ" ಎಂದು ಅವರು ಪೆಟ್ಟಿಗೆ ಮುಚ್ಚಿದರು. ಪಕ್ಕದಲ್ಲಿದ್ದ, ಚಿತ್ರಕಲೆಯನ್ನು ಕಲಿತಿದ್ದ ಸದಸ್ಯರೊಬ್ಬರು ತಮ್ಮ ಚೀಲದಿಂದ ದಪ್ಪನೆಯ ಹತ್ತಿ ಕಾಗದದ ತುಂಡೊಂದನ್ನು ಮುಂದಿಟ್ಟು, "ಇದರ ಮೇಲೊಮ್ಮೆ ಹಾಕಿ ನೋಡಿ ರಾಯರೇ" ಎಂದರು. ಅದೇ ಬಣ್ಣ, ಅದೇ ಕುಂಚ, ಅದೇ ಕೈ. ನೀಲಿ ಮೇಲಿನಿಂದ ಕೆಳಗೆ ಎಲ್ಲಿಯೂ ಗೆರೆ ಬೀಳದೆ ತೆಳುವಾಗುತ್ತ ಇಳಿಯಿತು. ರಾಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅನಂತರ ಕೇಳಿದ್ದು ಕಾಗದದ ಬೆಲೆಯನ್ನು.

ಅಂದು ಆ ತುಂಡು ಕಾಗದ ಅಲ್ಲಿ ಇರದಿದ್ದರೆ ಅವರು ಮತ್ತೆ ಕುಂಚ ಹಿಡಿಯುತ್ತಿರಲಿಲ್ಲ. ಹೀಗೆ ತಮಗೆ ಕೈಗುಣವಿಲ್ಲವೆಂದು ನಂಬಿ ಬಿಟ್ಟವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರು.

ಕಾಗದ

ಜಲವರ್ಣದ ಕಾಗದವನ್ನು ಕೊಳ್ಳುವಾಗ ನೋಡಬೇಕಾದವು ತೂಕ, ನಾರು ಮತ್ತು ಮೇಲ್ಮೈ. ತೂಕವನ್ನು ಜಿ.ಎಸ್.ಎಂ. ಎಂದು ನಮೂದಿಸಿರುತ್ತಾರೆ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಅದರ ಅರ್ಥ. ಆರಂಭಿಕರು 300 ಜಿ.ಎಸ್.ಎಂ.ಗಿಂತ ಕಡಿಮೆ ತೂಕದ್ದನ್ನು ಕೊಳ್ಳಬಾರದು. ಹಳೆಯ ಇಂಗ್ಲಿಷ್ ಲೆಕ್ಕದಲ್ಲಿ ಇದೇ 140 ಪೌಂಡಿನ ಕಾಗದ. ಶಾಲೆಯಲ್ಲಿ ಬಳಸುವ ಕಾರ್ಟ್ರಿಡ್ಜ್ ಹಾಳೆ ಇದರ ಅರ್ಧದಷ್ಟೂ ತೂಗದಿರುವುದು ಸಾಮಾನ್ಯ. ಪೆನ್ಸಿಲು, ಕ್ರೇಯಾನುಗಳಿಗೆ ಅದು ಸಾಕು; ನೀರಿಗೆ ಸಾಲದು.

ನಾರಿನ ವಿಚಾರ ಇನ್ನೂ ಮುಖ್ಯವಾದುದು. ಅಗ್ಗದ ಕಾಗದವನ್ನು ಮರದ ತಿರುಳಿನಿಂದ ಮಾಡುತ್ತಾರೆ, ಉತ್ತಮ ಕಾಗದವನ್ನು ಹತ್ತಿಯಿಂದ. ಹತ್ತಿಯ ಎಳೆ ಉದ್ದ ಮತ್ತು ಗಟ್ಟಿ. ಅದು ನೀರನ್ನು ಒಳಗೆ ಸಮನಾಗಿ ಹಿಡಿದುಕೊಂಡು ನಿಧಾನವಾಗಿ ಬಿಡುತ್ತದೆ. ಆದ್ದರಿಂದ ಒಂದು ಬಣ್ಣ ಆರುವ ಮೊದಲೇ ಇನ್ನೊಂದನ್ನು ಸೇರಿಸಲು ಕಲಿಯುವವರಿಗೆ ಸಮಯ ದೊರೆಯುತ್ತದೆ. ಜಲವರ್ಣದ ಸೊಗಸೆಲ್ಲ ಈ ಹಸಿಯ ಮೇಲೆ ಹಸಿ ಸೇರುವ ಕೆಲವು ನಿಮಿಷಗಳಲ್ಲಿದೆ. ನುರಿತವರು ಅಗ್ಗದ ಕಾಗದದ ಮೇಲೂ ಹೇಗೋ ನಿಭಾಯಿಸಬಲ್ಲರು, ಹೊಸಬರಿಗೆ ಅದು ಆಗದು. ಕಲಿಯುವವರಿಗೆ ಅಗ್ಗದ ಕಾಗದ ಸಾಕು, ಒಳ್ಳೆಯದನ್ನು ಆಮೇಲೆ ಕೊಂಡರಾಯಿತು ಎನ್ನುವ ಮಾತನ್ನು ನಾವು ಒಪ್ಪದಿರುವುದು ಈ ಕಾರಣಕ್ಕೆ.

ಕಾಗದಕ್ಕೆ ಹಾಕುವ ಅಂಟಿನ ವಿಷಯವನ್ನೂ ಇಲ್ಲಿ ಹೇಳಬೇಕು. ನೇಕಾರರು ನೂಲಿಗೆ ಗಂಜಿ ಹಾಕುವಂತೆ, ಬಣ್ಣ ಒಮ್ಮೆಲೇ ಹೀರಿಹೋಗದಿರಲೆಂದು ಜಲವರ್ಣದ ಕಾಗದಕ್ಕೂ ಒಂದು ಅಂಟನ್ನು ಹಾಕಿರುತ್ತಾರೆ. ಅದನ್ನು ಸೈಜಿಂಗ್ ಎನ್ನುತ್ತಾರೆ. ಫ್ರಾನ್ಸಿನ ಆರ್ಶ್, ಇಂಗ್ಲೆಂಡಿನ ಸಾಂಡರ್ಸ್ ವಾಟರ್‌ಫರ್ಡ್ ಮೊದಲಾದ ಹೆಸರಾಂತ ಕಾಗದಗಳಲ್ಲಿ ಈ ಅಂಟು ಜೆಲಟಿನ್, ಅಂದರೆ ಪ್ರಾಣಿಜನ್ಯ. ಕಟ್ಟುನಿಟ್ಟಾಗಿ ಸಸ್ಯಾಹಾರ ಪಾಲಿಸುವ ಮನೆಗಳವರು ಈ ಪ್ರಶ್ನೆ ಕೇಳಿದ್ದುಂಟು. ಅಂಥವರು ಇಟಲಿಯ ಫ್ಯಾಬ್ರಿಯಾನೊ ಆರ್ಟಿಸ್ಟಿಕೊ ಕಾಗದವನ್ನು ನೋಡಬಹುದು. ಅದರಲ್ಲಿ ಪ್ರಾಣಿಜನ್ಯ ಅಂಟಿಲ್ಲ.

ಆಮದು ಕಾಗದ ದುಬಾರಿ ಎಂಬುದು ನಿಜ. ಆದರೆ ನಮ್ಮ ದೇಶದಲ್ಲಿಯೂ ಹತ್ತಿಬಟ್ಟೆಯ ಚೂರುಗಳಿಂದ ಕೈಕಾಗದ ತಯಾರಿಸುವ ಪರಂಪರೆಯಿದೆ. ಕರ್ನಾಟಕದಲ್ಲಿ ತಯಾರಾಗುವ ಖಾದಿ ಪೇಪರ್ಸ್ ಕೈಕಾಗದವನ್ನು ಹೊರದೇಶಗಳ ಚಿತ್ರಕಾರರೂ ಬಳಸುತ್ತಾರೆ. ಚಿತ್ರಪಟ್ ಎಂಬ ದೇಶೀ ಕೈಕಾಗದವೂ ಪೇಟೆಯಲ್ಲಿದೆ. ಕೈಕಾಗದದ ಗುಣ ಹಾಳೆಯಿಂದ ಹಾಳೆಗೆ ಕೊಂಚ ಬದಲಾಗುವುದು ಸಹಜವಾದ್ದರಿಂದ ಮೊದಲು ಒಂದೇ ಹಾಳೆ ಕೊಂಡು ಪರೀಕ್ಷಿಸಿ, ಮೆಚ್ಚಿಗೆಯಾದರೆ ಹತ್ತು ಹಾಳೆ ತರಬಹುದು.

ಮೇಲ್ಮೈಯಲ್ಲಿ ಮೂರು ಬಗೆ. ನುಣುಪಾದ ಹಾಟ್ ಪ್ರೆಸ್, ನಡುತರದ ಕೋಲ್ಡ್ ಪ್ರೆಸ್, ಉಬ್ಬುತಗ್ಗಿನ ರಫ್. ಕೋಲ್ಡ್ ಪ್ರೆಸ್ ಕೊಳ್ಳಿರಿ. ಉಳಿದೆರಡರ ಚಿಂತೆ ಸದ್ಯಕ್ಕೆ ಬೇಡ.

ಹಣ ಉಳಿಸುವ ಉಪಾಯವೊಂದಿದೆ. ಅಂಟಿಸಿದ ಪುಸ್ತಕ ಅಥವಾ ಬ್ಲಾಕ್ ಕೊಳ್ಳುವ ಬದಲು ಪೂರ್ಣ ಹಾಳೆ ಕೊಳ್ಳಬೇಕು. ಇಂಪೀರಿಯಲ್ ಎಂಬ ಈ ಹಾಳೆಯ ಅಳತೆ 22 ಅಂಗುಲಕ್ಕೆ 30 ಅಂಗುಲ. ಅದನ್ನು ಮಡಿಸಿ, ಅಡಿಕೋಲು ಒತ್ತಿ ಹರಿದರೆ 11 ಅಂಗುಲಕ್ಕೆ 15 ಅಂಗುಲದ ನಾಲ್ಕು ತುಂಡುಗಳು, ಅವನ್ನು ಮತ್ತೆ ಅರ್ಧ ಮಾಡಿದರೆ ಎಂಟು ತುಂಡುಗಳು ಸಿಗುತ್ತವೆ. ಹತ್ತಿ ಕಾಗದದ ಎರಡೂ ಬದಿಯನ್ನು ಬಳಸಬಹುದಾದ್ದರಿಂದ ಒಂದು ಹಾಳೆಯಲ್ಲಿ ಹದಿನಾರು ಅಭ್ಯಾಸಗಳಾಗುತ್ತವೆ. ಈ ಲೆಕ್ಕ ಹಾಕಿದ ಮೇಲೆ ನಮ್ಮ ಬ್ಯಾಂಕಿನ ರಾಯರಿಗೂ ಬೆಲೆ ಹೆಚ್ಚೆನಿಸಲಿಲ್ಲ.

ಬಣ್ಣ

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಬೇಕು. ಸೀಸೆಗಳಲ್ಲಿ ಬರುವ ಪೋಸ್ಟರ್ ಬಣ್ಣ ಬೇರೆ, ಜಲವರ್ಣ ಬೇರೆ. ಎರಡನ್ನೂ ನೀರಿನಲ್ಲೇ ಕಲಸುವುದರಿಂದ ಎಷ್ಟೋ ತಂದೆತಾಯಂದಿರು ಒಂದರ ಬದಲು ಇನ್ನೊಂದನ್ನು ತಂದುಕೊಡುತ್ತಾರೆ. ಪೋಸ್ಟರ್ ಬಣ್ಣ ಕಾಗದವನ್ನು ಮುಚ್ಚುತ್ತದೆ. ಜಲವರ್ಣ ಪಾರದರ್ಶಕ, ಬೆಳಕು ಬಣ್ಣದ ತೆಳುಪದರವನ್ನು ದಾಟಿ ಬಿಳಿಯ ಕಾಗದವನ್ನು ತಾಗಿ ಹಿಂದಿರುಗುತ್ತದೆ. ಕಾಗದವೇ ಇಲ್ಲಿ ಬಿಳಿಯ ಬಣ್ಣ. ಮಹಾರಾಷ್ಟ್ರದ ಶಾಲೆಗಳಲ್ಲಿ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಗ್ರೇಡ್ ಪರೀಕ್ಷೆಗಳಿಗೆ ಕುಳಿತುಕೊಳ್ಳುವ ಮಕ್ಕಳ ಅಗತ್ಯ ಬೇರೆ. ಅವರು ತಮ್ಮ ಚಿತ್ರಕಲಾ ಶಿಕ್ಷಕರು ಹೇಳಿದ ಸಾಮಗ್ರಿಯನ್ನೇ ಕೊಳ್ಳತಕ್ಕದ್ದು.

ಜಲವರ್ಣವೆಂದರೆ ಮೂಲತಃ ವರ್ಣದ ಪುಡಿಯನ್ನು ಅರೇಬಿಕ್ ಗೋಂದಿನಲ್ಲಿ ಅರೆದದ್ದು. ಈ ಗೋಂದು ಜಾಲಿಯ ಜಾತಿಯ ಮರಗಳಿಂದ ಬರುತ್ತದೆ. ವಿದ್ಯಾರ್ಥಿ ದರ್ಜೆಯ ಬಣ್ಣದಲ್ಲಿ ವರ್ಣದ ಪ್ರಮಾಣ ಕಡಿಮೆ, ಬೆರಕೆ ಹೆಚ್ಚು. ಕಲಾವಿದರ ದರ್ಜೆಯಲ್ಲಿ ವರ್ಣ ಹೆಚ್ಚು. ಭಾರತದಲ್ಲಿ ಎಲ್ಲೆಡೆ ದೊರೆಯುವುದು ಕ್ಯಾಮೆಲ್ ಬಣ್ಣ. 1931ರಲ್ಲಿ ಮುಂಬಯಿಯಲ್ಲಿ ಶಾಯಿ ತಯಾರಿಕೆಯಿಂದ ಆರಂಭವಾಗಿ, ಈಗ ಕೊಕುಯೊ ಕ್ಯಾಮ್ಲಿನ್ ಎಂಬ ಹೆಸರಿನಲ್ಲಿರುವ ಸಂಸ್ಥೆಯ ಉತ್ಪನ್ನವಿದು. ಇದರಲ್ಲಿಯೂ ವಿದ್ಯಾರ್ಥಿ ಮತ್ತು ಕಲಾವಿದ ಎಂಬ ಎರಡು ದರ್ಜೆಗಳಿವೆ. ಲಂಡನ್ನಿನಲ್ಲಿ 1832ರಲ್ಲಿ ಸ್ಥಾಪನೆಯಾದ ವಿನ್ಸರ್ ಅಂಡ್ ನ್ಯೂಟನ್ನಿನ ಕಾಟ್‌ಮನ್ ಎಂಬುದು ವಿದ್ಯಾರ್ಥಿ ದರ್ಜೆಯದು. ಕಲಿಯಲು ಧಾರಾಳವಾಗಿ ಸಾಕು. ದೊಡ್ಡ ಪೆಟ್ಟಿಗೆಯ ಬದಲು ಬಿಡಿಯಾಗಿ ಕೆಲವೇ ಟ್ಯೂಬುಗಳನ್ನು ಉತ್ತಮ ದರ್ಜೆಯಲ್ಲಿ ಕೊಳ್ಳುವುದು ನಮ್ಮ ಸಲಹೆ.

ಹೆಸರು ನೋಡಿ ಬಣ್ಣ ಕೊಳ್ಳಬಾರದು. ಇಂಡಿಯನ್ ಯೆಲ್ಲೋ ಎಂಬ ಬಣ್ಣವನ್ನು ಹಿಂದೆ ಬಿಹಾರದ ಮುಂಗೇರಿನ ಕಡೆ ಮಾವಿನೆಲೆ ತಿಂದ ಹಸುಗಳ ಗಂಜಲದಿಂದ ತಯಾರಿಸುತ್ತಿದ್ದರೆಂದು 1883ರಲ್ಲಿ ತ್ರೈಲೋಕ್ಯನಾಥ ಮುಖರ್ಜಿಯವರು ವರದಿ ಮಾಡಿದ್ದರು. ಆ ಬಣ್ಣ ನಿಂತುಹೋಗಿ ನೂರು ವರ್ಷ ಕಳೆದರೂ ಹೆಸರು ಟ್ಯೂಬಿನ ಮೇಲೆ ಉಳಿದಿದೆ, ಒಳಗಿರುವುದು ಕೃತಕ ವರ್ಣ. ಬಣ್ಣದ ಹೆಸರಿನ ಮುಂದೆ ಹ್ಯೂ ಎಂದಿದ್ದರೆ ಮೂಲ ವರ್ಣಕ್ಕೆ ಬದಲಿಯಾಗಿ ಬೇರೇನೋ ಹಾಕಿದ್ದಾರೆಂದು ತಿಳಿಯಬೇಕು. ನಂಬಬೇಕಾದುದು ಉತ್ತಮ ಟ್ಯೂಬುಗಳ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಮುದ್ರಿಸಿರುವ ವರ್ಣಸಂಕೇತವನ್ನು. ಪಿ.ಬಿ. ಎಂದರೆ ನೀಲಿ, ಪಿ.ವೈ. ಹಳದಿ, ಪಿ.ಆರ್. ಕೆಂಪು, ಪಿ.ವಿ. ನೇರಳೆಯ ಗುಂಪು, ಪಿ.ಬಿ.ಆರ್. ಕಂದು. ಸಂಖ್ಯೆ ಯಾವ ಕಂಪನಿಯದಾದರೂ ಒಂದೇ. ಒಂದು ಟ್ಯೂಬಿನಲ್ಲಿ ಒಂದೇ ಸಂಕೇತವಿದ್ದರೆ ಮೇಲು. ಮೂರು ಸಂಕೇತವಿರುವ ಬಣ್ಣಗಳನ್ನು ಒಂದಕ್ಕೊಂದು ಬೆರೆಸಿದರೆ ರಾಡಿಯಾಗುತ್ತದೆ.

ಇದು ಕೇವಲ ಪಾಂಡಿತ್ಯದ ಮಾತಲ್ಲ. ನಮಗೆ ಪರಿಚಿತರಾದ ಕುಂದಾಪುರ ಕಡೆಯ ಕುಟುಂಬವೊಂದರ ಮನೆಯಲ್ಲಿ ಊರಿನ ಹಳೆಯ ಮನೆಯ ಜಲವರ್ಣ ಚಿತ್ರವೊಂದನ್ನು ತೂಗುಹಾಕಿದ್ದರು. ಅಂಗಳ, ತುಳಸಿಕಟ್ಟೆ, ದಾಸವಾಳದ ಗಿಡ, ಜಗಲಿಯಲ್ಲಿ ಕೆಂಪು ಸೀರೆಯುಟ್ಟು ಕುಳಿತ ಅಜ್ಜಿ. ಮನೆಯ ಮಗನೊಬ್ಬ ಕಾಲೇಜಿನ ದಿನಗಳಲ್ಲಿ ಬರೆದದ್ದು. ಅನಂತರ ಮನೆ ಮಾರಿಹೋಯಿತು, ಕೊಂಡವರು ಕೆಡವಿದರು, ಅಜ್ಜಿಯೂ ತೀರಿಕೊಂಡರು. ಚಿತ್ರ ಹತ್ತು ಹನ್ನೆರಡು ವರ್ಷ ಬಾಲ್ಕನಿಯ ಎದುರಿನ ಗೋಡೆಯಲ್ಲಿತ್ತು. ಈಗ ಅದರಲ್ಲಿ ಹೆಂಚು ಇದೆ, ಆಕಾಶವಿದೆ, ಕಟ್ಟೆಯಿದೆ. ದಾಸವಾಳ ಬೂದಿಯ ಬಣ್ಣಕ್ಕಿಳಿದಿದೆ, ಅಜ್ಜಿಯ ಸೀರೆಯಿದ್ದಲ್ಲಿ ಕಾಗದದ ಬಿಳುಪು ಕಾಣುತ್ತದೆ. ಹಳೆಯ ಟ್ಯೂಬನ್ನು ಹುಡುಕಿ ನೋಡಿದಾಗ ಆ ಕೆಂಪು ಅಲಿಜರಿನ್ ಕ್ರಿಮ್ಸನ್, ಸಂಕೇತ ಪಿ.ಆರ್. 83. ತೆಳುವಾಗಿ ಬಳಿದರೆ ಬಿಸಿಲಿಗೆ ಹಾರಿಹೋಗುವ ಬಣ್ಣವೆಂದು ಅದು ಹೆಸರಾಗಿದೆ.

ಬೆಳಕು ತಾಳುವ ಶಕ್ತಿಯನ್ನು ಅಮೆರಿಕದ ಎ.ಎಸ್.ಟಿ.ಎಂ. ಮಾನಕದಲ್ಲಿ ರೋಮನ್ ಅಂಕಿಗಳಿಂದ ಸೂಚಿಸುತ್ತಾರೆ. ಒಂದು ಮತ್ತು ಎರಡನೆಯ ದರ್ಜೆಯವು ಬಾಳಿಕೆಯವು. ಅದಕ್ಕಿಂತ ಕೆಳಗಿನವನ್ನು ತೂಗುಹಾಕುವ ಚಿತ್ರಕ್ಕೆ ಬಳಸಬೇಡಿ. ಕೆಲವು ಕಂಪನಿಗಳು ಇದರ ಬದಲು ನಕ್ಷತ್ರ ಹಾಕುತ್ತವೆ. ಏನೂ ನಮೂದಿಸದ ಬಣ್ಣವಾದರೆ ಮನೆಯಲ್ಲೇ ಪರೀಕ್ಷಿಸಬಹುದು: ಒಂದು ಕಾಗದದ ಪಟ್ಟಿಯ ಮೇಲೆ ಪ್ರತಿಯೊಂದು ಬಣ್ಣವನ್ನೂ ತೆಳುವಾಗಿ ಬಳಿದು, ಅರ್ಧವನ್ನು ದಪ್ಪ ರಟ್ಟಿನಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಮೂರು ತಿಂಗಳು ಅಂಟಿಸಿಡಿ. ರಟ್ಟು ತೆಗೆದಾಗ ಎರಡು ಅರ್ಧಗಳ ಅಂತರವೇ ಉತ್ತರ ಹೇಳುತ್ತದೆ.

ಹಾಗಾದರೆ ಎಷ್ಟು ಬಣ್ಣ ಬೇಕು? ಆರು ಸಾಕು. ನಿಂಬೆಯ ಛಾಯೆಯ ಹಳದಿ, ಪಿ.ವೈ. 154 ಅಥವಾ ಅದರ ಸಮೀಪದ್ದು. ಪರ್ಮನೆಂಟ್ ರೋಸ್, ಪಿ.ವಿ. 19, ಅಲಿಜರಿನ್ನಿನ ಸ್ಥಾನವನ್ನು ಇದು ಚೆನ್ನಾಗಿ ತುಂಬುತ್ತದೆ. ಅಲ್ಟ್ರಾಮರೀನ್ ನೀಲಿ, ಪಿ.ಬಿ. 29. ಥಾಲೊ ನೀಲಿ, ಪಿ.ಬಿ. 15. ಯೆಲ್ಲೋ ಓಕರ್, ಪಿ.ವೈ. 42 ಅಥವಾ 43. ಬರ್ನ್ಟ್ ಸಿಯೆನ್ನಾ, ಪಿ.ಬಿ.ಆರ್. 7 ಅಥವಾ ಪಿ.ಆರ್. 101. ಅಲ್ಟ್ರಾಮರೀನ್ ಒಂದು ಕಾಲದಲ್ಲಿ ಅಫ್ಘಾನಿಸ್ತಾನದ ವೈಡೂರ್ಯದ ಕಲ್ಲನ್ನು ಅರೆದು ಮಾಡುತ್ತಿದ್ದ, ಚಿನ್ನದಷ್ಟು ದುಬಾರಿಯಾದ ಬಣ್ಣ. 1828ರ ಸುಮಾರಿಗೆ ಫ್ರಾನ್ಸಿನಲ್ಲಿ ಅದನ್ನು ಕೃತಕವಾಗಿ ತಯಾರಿಸುವ ಕ್ರಮ ತಿಳಿದ ಮೇಲೆ ಅಗ್ಗವಾಯಿತು.

ಈ ಆರರಲ್ಲಿ ಬರ್ನ್ಟ್ ಸಿಯೆನ್ನಾ ನಮ್ಮವರಿಗೆ ವಿಶೇಷವಾಗಿ ಒದಗುವ ಬಣ್ಣ. ಅದು ಕಬ್ಬಿಣದ ಆಕ್ಸೈಡ್. ಕರಾವಳಿಯ ಮುರಕಲ್ಲಿಗೆ, ಮಂಗಳೂರು ಹೆಂಚಿಗೆ, ಮನೆಯ ಮುಂದೆ ಬಳಿಯುವ ಕಾವಿಗೆ ಕೆಂಪು ಕೊಡುವುದೂ ಅದೇ. ಅಲ್ಟ್ರಾಮರೀನಿನೊಡನೆ ಬೆರೆಸಿದರೆ ಮಳೆಮೋಡದ ಬೂದು ಬರುತ್ತದೆ. ಹಳದಿಗೆ ಥಾಲೊ ನೀಲಿ ಸೇರಿಸಿ, ಚಿಟಿಕೆಯಷ್ಟು ಸಿಯೆನ್ನಾ ಹಾಕಿದರೆ ಅಡಿಕೆ ತೋಟದ ಹಸಿರು. ಪೆಟ್ಟಿಗೆಯಲ್ಲಿ ಬರುವ ಸಿದ್ಧ ಹಸಿರು ಪ್ಲಾಸ್ಟಿಕ್ ಹೂದಾನಿಗೆ ಹೊಂದಬಹುದು, ಗದ್ದೆಗೆ ಹೊಂದುವುದಿಲ್ಲ. ಕಪ್ಪು, ಬಿಳಿ ಟ್ಯೂಬುಗಳೂ ಬೇಡ.

ಟ್ಯೂಬೋ ಬಿಲ್ಲೆಯೋ ಎಂಬುದು ಅನುಕೂಲದ ಪ್ರಶ್ನೆ. 5 ಮಿಲಿಲೀಟರಿನ ಟ್ಯೂಬಿನಿಂದ ಬಣ್ಣವನ್ನು ಖಾಲಿ ಬಿಲ್ಲೆಗಳಿಗೆ ತುಂಬಿ ಒಣಗಿಸಿಟ್ಟರೆ ಎರಡೂ ಆದಂತೆ. ಚಿಕ್ಕಮಕ್ಕಳಿರುವ ಮನೆಯಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್ ಇರುವ ಬಣ್ಣಗಳನ್ನು ದೂರವಿಡಿ. ಕುಂಚದ ತುದಿಯನ್ನು ತುಟಿಯಿಂದ ಚೂಪು ಮಾಡುವ ಅಭ್ಯಾಸವನ್ನು ದೊಡ್ಡವರೂ ಬಿಡಬೇಕು.

ಕುಂಚ

ದುಂಡನೆಯ 8 ಅಥವಾ 10ನೆಯ ಸಂಖ್ಯೆಯದೊಂದು, 4ನೆಯದೊಂದು, ಒಂದು ಅಂಗುಲದ ಚಪ್ಪಟೆಯದೊಂದು. ಮೂರೂ ಸಿಂಥೆಟಿಕ್ ಆಗಿರಲಿ. ಹೊಸಬರು ಅತಿ ಸಣ್ಣ ಕುಂಚಗಳ ಕಟ್ಟನ್ನು ಕೊಳ್ಳುತ್ತಾರೆ. ತುದಿ ಚೂಪಾಗಿರುವ ದೊಡ್ಡ ಕುಂಚ ಸಣ್ಣ ಗೆರೆಯನ್ನೂ ಎಳೆಯುತ್ತದೆ, ನೀರನ್ನೂ ಹೆಚ್ಚು ಹಿಡಿಯುತ್ತದೆ. ಹೊಸ ಕುಂಚದ ತುದಿಯನ್ನು ಅಂಟು ಹಾಕಿ ನೆಟ್ಟಗೆ ಮಾಡಿರುತ್ತಾರಾದ್ದರಿಂದ ನೋಟಕ್ಕೆ ಎಲ್ಲವೂ ಚೂಪಾಗಿಯೇ ಕಾಣುತ್ತವೆ. ಒಂದು ಲೋಟ ನೀರು ಕೇಳಿ, ಅಂಟು ಬಿಡಿಸಿ, ಒಮ್ಮೆ ಕೊಡವಿ ನೋಡಿ. ತಾನಾಗಿ ಚೂಪಿಗೆ ಬಂದರೆ ಕೊಳ್ಳಿರಿ, ಕವಲೊಡೆದರೆ ಬೇಡ. ನೀರು ಕೊಡಲು ಒಪ್ಪದ ಅಂಗಡಿಯಲ್ಲಿ ಕುಂಚ ಕೊಳ್ಳದಿರುವುದೇ ಲೇಸು.

ಮುಂಗುಸಿಯ ರೋಮದ ಕುಂಚವೆಂದು ಯಾರಾದರೂ ಮೆಲುದನಿಯಲ್ಲಿ ತೋರಿಸಿದರೆ ಖಂಡಿತ ಮುಟ್ಟಬೇಡಿ. ಮುಂಗುಸಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ. ಅದರ ರೋಮದ ಕುಂಚವನ್ನು ಮಾರುವುದೂ ಕೊಳ್ಳುವುದೂ ಅಪರಾಧ. ಒಂದೊಂದು ಕುಂಚದ ಕಟ್ಟಿಗಾಗಿ ಎಷ್ಟು ಪ್ರಾಣಿಗಳನ್ನು ಕೊಲ್ಲುತ್ತಾರೆಂಬುದನ್ನು ನೆನೆದರೆ ಕಾನೂನಿನ ಮಾತೂ ಬೇಕಾಗುವುದಿಲ್ಲ.

ಮನೆಯಲ್ಲೇ ಇರುವುದು

ಬಣ್ಣ ಕಲಸಲು ಬಿಳಿಯ ಪಿಂಗಾಣಿ ತಟ್ಟೆ ಸಾಕು. ಪ್ಲಾಸ್ಟಿಕ್ಕಿನ ತಟ್ಟೆಯಲ್ಲಿ ಬಣ್ಣ ಹನಿಗಟ್ಟಿ ನಿಲ್ಲುತ್ತದೆ. ಉಪ್ಪಿನಕಾಯಿಯ ಎರಡು ಖಾಲಿ ಭರಣಿ, ಒಂದು ಕುಂಚ ತೊಳೆಯಲು, ಇನ್ನೊಂದು ಶುದ್ಧ ನೀರಿಗೆ. ಹಳೆಯ ಬನಿಯನ್ನಿನ ತುಂಡು. ಕಾಗದವನ್ನು ಅಂಟಿಸಲು ಪ್ಲೈವುಡ್ಡಿನ ಹಲಗೆ ಮತ್ತು ಮಾಸ್ಕಿಂಗ್ ಟೇಪ್.

ಮಳೆಗಾಲದ ಎಚ್ಚರಿಕೆ

ಮುಂಬಯಿ, ಚೆನ್ನೈಗಳಂಥ ಕಡಲತೀರದ ಊರುಗಳವರಿಗೆ ಈ ಮಾತು. ಕಾಗದದ ಅಂಟು ತೇವದಲ್ಲಿ ಕೆಡುತ್ತದೆ. ಜೂನಿನಲ್ಲಿ ಕಪಾಟಿನ ಮೇಲಿಟ್ಟ ಒಳ್ಳೆಯ ಹಾಳೆ ಸೆಪ್ಟೆಂಬರಿನಲ್ಲಿ ಅಲ್ಲಲ್ಲಿ ಶಾಯಿಹೀರುವ ಕಾಗದದಂತೆ ವರ್ತಿಸುತ್ತದೆ. ಬಣ್ಣ ಹಾಕಿದಾಗ ಕಪ್ಪು ಚುಕ್ಕೆಗಳೇಳುತ್ತವೆ. ಇದನ್ನರಿಯದೆ ಮತ್ತೆ ಕೈಯನ್ನೇ ದೂರುವವರಿದ್ದಾರೆ. ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಪೊಟ್ಟಣದೊಡನೆ ಗಾಳಿಯಾಡದಂತೆ ಕಟ್ಟಿ, ಗೋಡೆಗೆ ತಾಗದಂತೆ ಇಡಬೇಕು. ಜೇನು ಹೆಚ್ಚು ಹಾಕಿದ ಬಣ್ಣಗಳು ಈ ತಿಂಗಳುಗಳಲ್ಲಿ ಒಣಗದೆ ಅಂಟಂಟಾಗಿರುತ್ತವೆ, ಬೂಸ್ಟು ಹಿಡಿಯುವುದೂ ಉಂಟು. ಪೆಟ್ಟಿಗೆಯನ್ನು ಚೆನ್ನಾಗಿ ಆರಿಸಿಯೇ ಮುಚ್ಚಬೇಕು. ದೆಹಲಿ, ಹೈದರಾಬಾದಿನ ಬೇಸಿಗೆಯಲ್ಲಿ ಸಮಸ್ಯೆ ತದ್ವಿರುದ್ಧ, ಬಣ್ಣ ಕಣ್ಣೆದುರಿಗೇ ಆರಿಹೋಗುತ್ತದೆ. ಅಲ್ಲಿಯವರು ಕಾಗದದ ಹಿಂಬದಿಯನ್ನೂ ಒದ್ದೆ ಮಾಡಿಕೊಂಡು ಆರಂಭಿಸುವುದು ಒಳ್ಳೆಯದು.

ಅಂಟು ಕೆಟ್ಟ ಹಾಳೆಯನ್ನು ಎಸೆಯಬೇಕಾಗಿಲ್ಲ. ಪೆನ್ಸಿಲು, ಇದ್ದಿಲು, ಪೇಸ್ಟೆಲ್ ಚಿತ್ರಗಳಿಗೆ ಅದು ಚೆನ್ನಾಗಿಯೇ ಒದಗುತ್ತದೆ.